ಸಿಂಗಾಪುರದಲ್ಲಿ ಹಿಡಿದ ಸೀಟು

ಮೆಣಸಿನಕಾಯಿ ಘಾಟು ಹತ್ತಿದ ಟವೆಲ್ಲು ಮೂಗಿಗೆ ಬಡಿದರೆ ನನಗೆ ಇವತ್ತಿಗೂ ನೆನಪಾಗುವುದು ನಮ್ಮೂರು ಬ್ಯಾಡಗಿಯಲ್ಲ, ಸಿಂಗಾಪುರ.

ನಾನು ಚಿಕ್ಕವನಿದ್ದಾಗ ಅಪ್ಪ ಅವ್ವನ ಜೊತೆ ವಿಮಾನ ಬದಲಿಸಲು ಇಳಿದಿದ್ದ ಅಲ್ಲಿಯ ನಿಲ್ದಾಣದಲ್ಲಿ ಒಂದು ಕಟ್ಟಡದಿಂದ ಇನ್ನೊಂದಕ್ಕೆ ಪುಟ್ಟ ರೈಲು ಓಡುತ್ತಿತ್ತು. ಅದು ನಿಂತದ್ದೇ ತಡ, ಅಪ್ಪ ಊರ ಸ್ಟೇಷನ್ನಿನಲ್ಲಿ ಮಾಡುವಂತೆಯೇ ಮೆಣಸಿನಕಾಯಿ ಘಾಟಿನ ತನ್ನ ಹೆಗಲ ಟವೆಲ್ಲು ಕೊಟ್ಟು ನನ್ನನ್ನು ಒಳಗೆ ದಬ್ಬಿದ.

“ಲಗೂ ಸೀಟ್ ಹಿಡಿಯೋ ಮಂಗ್ಯಾ! ನಾ ಬರೂತನಾ ಏಳಬ್ಯಾಡ!”

ಟವೆಲ್ಲು ಹಾಸುವಷ್ಟರಲ್ಲಿ ಬಾಗಿಲು ತಾನಾಗಿಯೇ ಮುಚ್ಚಿತು. ಗಾಜಿನಾಚೆ ಅವ್ವ ಬಾಯಿ ಬಡಿದುಕೊಳ್ಳುತ್ತಿದ್ದಳು. ನಾನು ಟವೆಲ್ಲಿನ ಪಕ್ಕದಲ್ಲಿ ಗಟ್ಟಿಯಾಗಿ ಕೂತೆ. ಮುಂದಿನ ನಿಲ್ದಾಣದಲ್ಲಿ ಎಲ್ಲರೂ ಇಳಿದರು. ಅಪ್ಪ ಏಳಬೇಡ ಎಂದಿದ್ದನಲ್ಲ, ನಾನು ಏಳಲಿಲ್ಲ. ರೈಲು ಬಂದ ದಾರಿಯಲ್ಲೇ ತಿರುಗಿ ಹೊರಟಿತು.

ಬಾಗಿಲು ತೆರೆದಾಗ ಅಪ್ಪ ಎದುರಿಗೇ ನಿಂತಿದ್ದ.

“ಕುಂದ್ರಪಾ, ಸೀಟ್ ಹಿಡದೇನಿ,” ಎಂದೆ.

ಅಪ್ಪ ಕೂರಲಿಲ್ಲ. ವಿಮಾನದಲ್ಲಿ ಊಟ ಬಂದಾಗಲೂ ಎಡಗೈಯಲ್ಲಿ ನನ್ನ ರಟ್ಟೆ ಹಿಡಿದೇ ಉಂಡ.