ನಡುಗುವ ಅಕ್ಷರ

ಗದಗದಲ್ಲಿ ಚನ್ನವೀರಪ್ಪನವರದ್ದೊಂದು ಲಗ್ನಪತ್ರಿಕೆ ಅಂಗಡಿ. ಕಂಪ್ಯೂಟರ್‌ನಲ್ಲಿ ಅಕ್ಷರ ಜೋಡಿಸುವ ಕೆಲಸ ದಾಕ್ಷಾಯಣಿಯದು.

ಹೊಸ ಮಾನಿಟರ್ ಬಂತು... ಅವಳ ಗ್ರಹಚಾರವೂ ಶುರುವಾಯಿತು.

"ಸರ, ಸಣ್ಣ ಅಕ್ಷರ ನಡಗಾಕತ್ತಾವ್ರಿ... ತಲಿ ಸಿಡೀತೈತ್ರಿ."

ಚನ್ನವೀರಪ್ಪ ಪರದೆ ತುಂಬ ಮದುಮಕ್ಕಳ ಫೋಟೋ ಹಾಕಿಸಿ, ನಿಂತಲ್ಲಿಂದಲೇ ನೋಡಿದರು. ಎಲ್ಲ ನೆಟ್ಟಗಿತ್ತು.

"ಕುಣೀಲಾರದಾಕಿ ಅಂಗಳ ಡೊಂಕ ಅಂದ್ಲಂತ! ಮಾನಿಟರ್ ಚಲೋ ಐತಿ, ನಿನ್ನ ತಲೀನ ಸರಿ ಇಲ್ಲ."

ಅಂಗಡಿಯವರೆಲ್ಲ ನಕ್ಕರು. ಅಯ್ಯೋ, ನಗುವುದಕ್ಕೇನು ಖರ್ಚು?

ಒಂದು ಪತ್ರಿಕೆಯಲ್ಲಿ ವರನ ಹೆಸರೇ ತಪ್ಪಾಯಿತು. ಚನ್ನವೀರಪ್ಪ ಸಿಟ್ಟಿನಲ್ಲಿ ಅವಳ ಗಂಡನಿಗೆ ಫೋನ್ ಮಾಡಿ, "ಆಕೀ ತಲಿ ಕೆಟ್ಟೈತಿ, ಡಾಕ್ಟರಿಗೆ ತೋರಸ್ರಿ" ಅಂದುಬಿಟ್ಟರು.

ಕಣ್ಣಿನ ಡಾಕ್ಟರು ಕಣ್ಣು ಸರಿಯಿದೆ ಅಂದರು. ಹಾಗಾದರೆ ಮನಸ್ಸೇ ಕೆಟ್ಟಿದೆ ಅಂತ ಮನೆಯವರು ತೀರ್ಮಾನಿಸಿದರು... ಕೆಲಸ ಬಿಡಿಸಿದರು. ಪುಟ್ಟ ಮಗಳನ್ನೂ ಅವಳ ಕೈಗೆ ಕೊಡದಾದರು.

ಮದುವೆ ಸೀಸನ್. ಯಾರೂ ಸಿಗದೆ ಚನ್ನವೀರಪ್ಪನವರೇ ಆ ಕುರ್ಚಿಯಲ್ಲಿ ಕೂತರು. ಮಧ್ಯಾಹ್ನದ ಹೊತ್ತಿಗೆ ಅವರ ಕಣ್ಣೆದುರೂ ಅಕ್ಷರ ನಡುಗಿದವು... ತಲೆ ಸಿಡಿಯತೊಡಗಿತು.

ರಿಪೇರಿಯವನು ಬಂದು ನೋಡಿದ. "ಪರದಿಗೆ ಚಿತ್ರ ಕಳಸೂ ಗ್ರಾಫಿಕ್ಸ್ ಡ್ರೈವರ್ ಅದರ ವೇಗ, ರಿಫ್ರೆಶ್ ರೇಟ್, ತಪ್ಪ ಹಿಡದೈತ್ರಿ. ಒಂದ್ ಗೆರಿ ಬಿಟ್ಟ ಒಂದ್ ಗೆರಿ ಬರ್ಯಾಕತ್ತೈತಿ. ಫೋಟೋದಾಗ ತಿಳಿಯೂದಿಲ್ಲ, ಸಣ್ಣ ಅಕ್ಷರ ನಡಗತಾವ."

ಸೆಟ್ಟಿಂಗ್ ಬದಲಿಸಿದ. ಅಕ್ಷರ ನಿಂತವು.

ಚನ್ನವೀರಪ್ಪ ಅಂದೇ ದಾಕ್ಷಾಯಣಿಯ ಮನೆಗೆ ಹೋಗಿ ಕೈ ಮುಗಿದರು.

"ತಪ್ಪು ಕಂಪ್ಯೂಟರಿಂದವ್ವಾ... ನಿಂದಲ್ಲ. ಕೆಲಸಕ್ಕ ಬಾ."

ಅವಳು ಗೋಡೆ ಹಿಡಿದು ಅತ್ತಳು.

"ಕೆಲಸ ಬ್ಯಾಡ್ರಿ ಸರ... ಈ ಮಾತ ನಮ್ಮ ಅತ್ತಿ ಮುಂದ ಹೇಳ್ರಿ. ನನ್ನ ಮಗಳನ್ನ ನನ್ನ ಕೈಯಾಗ ಕೊಟ್ಟಾರು."

ಚನ್ನವೀರಪ್ಪ ಹೇಳಿದರು. ಆಣೆ ಮಾಡಿ ಹೇಳಿದರು.

ಅತ್ತೆ ಮಗುವನ್ನು ಸೊಂಟಕ್ಕೇರಿಸಿಕೊಂಡು, "ನೀವು ಭಾಳ ಒಳ್ಳ್ಯಾರ್ರಿ... ಆಕೀ ಸಮಾಧಾನಕ್ಕ ಹೇಳಾಕತ್ತೀರಿ" ಅಂದು ಒಳಗೆ ನಡೆದಳು.

*ಯಂತ್ರದ ತಪ್ಪನ್ನು ಕ್ಷಣದಲ್ಲಿ ತಿದ್ದಬಹುದು... ಮನುಷ್ಯರಿಗೆ ನಾವು ಅಂಟಿಸಿದ ಹೆಸರನ್ನು ನಾವೇ ಕೀಳಲಾರೆವು.*

"ನಿನಗೆ ಹಾಗನ್ನಿಸುತ್ತೆ ಅಷ್ಟೆ" ಅಂತ ನೀವು ಕೊನೆಯ ಸಲ ಅಂದದ್ದು ಯಾರಿಗೆ?