ಹತ್ತು ಲಕ್ಷ ಎಳೆತ

"ಇವತ್ತು ನೀನು ಯಂತ್ರ ಮುಟ್ಟಬೇಡ," ಎಂದರು ಮುಖ್ಯಸ್ಥರು.

ಗುಂಡಿಯತ್ತ ಚಾಚಿದ್ದ ಅವಳ ಕೈ ಅಲ್ಲೇ ನಿಂತಿತು. ಈ ಪ್ರಯೋಗಾಲಯದಲ್ಲಿ ಪರೀಕ್ಷಕಿಯಾಗಿ ಏಳು ವರ್ಷ ಕಳೆದಿದ್ದಳು. ಇಂಥ ಮಾತು ಕೇಳಿದ್ದು ಇದೇ ಮೊದಲು.

"ಯಾಕೆ ಸಾರ್?"

"ಈ ಪ್ಲೇಟು ಬೆಸೆದ ಮೇಸ್ತ್ರಿ ನಿನ್ನ ಅಣ್ಣನಂತೆ. ನಿನ್ನೆ ಗೊತ್ತಾಯ್ತು. ನೀನೇ ಹೇಳ್ಬೇಕಿತ್ತು."

ಅವಳು ತಲೆ ತಗ್ಗಿಸಿದಳು. ಮುಖ್ಯಸ್ಥರು ಸಿಟ್ಟಿನ ಮನುಷ್ಯರಲ್ಲ. ಆದರೆ ಕಡ್ಡಿ ಮುರಿದಂತೆ ಮಾತಾಡುವವರು.

ಅಣ್ಣನ ಕೆಲಸ ವಿಚಿತ್ರವಾದದ್ದು. ಹಡಗಿನ ತಳ ಉಕ್ಕಿನದು, ಮೇಲಿನ ಕೋಣೆಗಳು ಅಲ್ಯೂಮಿನಿಯಮ್ಮಿನವು. ಎಣ್ಣೆ ಸೀಗೇಕಾಯಿಯ ಸಂಬಂಧ. ಮಾಮೂಲಿ ಬೆಸುಗೆಗೆ ಇವೆರಡೂ ಒಗ್ಗುವುದಿಲ್ಲ. ಅದಕ್ಕೆ ಉಕ್ಕಿನ ಹಲಗೆಯ ಮೇಲೆ ಕೂದಲೆಳೆಯ ಲೆಕ್ಕದಲ್ಲಿ ಅಂತರ ಬಿಟ್ಟು ಅಲ್ಯೂಮಿನಿಯಂ ಹಾಳೆ ಇಟ್ಟು, ಅದರ ಮೇಲೆ ಸಿಡಿಮದ್ದು ಹರಡಿ, ದೂರದಿಂದ ಸಿಡಿಸುತ್ತಾರೆ. ಕಣ್ಣು ಮಿಟುಕಿಸುವಷ್ಟರಲ್ಲಿ ಎರಡೂ ಒಂದಾಗಿಬಿಡುತ್ತವೆ. ಇಪ್ಪತ್ತು ವರ್ಷ ಅದೇ ಕೆಲಸ ಮಾಡಿ ಅಣ್ಣನ ಎಡಗಿವಿ ಕೇಳದಾಗಿತ್ತು.

ಹಾಗೆ ಬೆಸೆದ ಪ್ಲೇಟಿನ ತುಂಡುಗಳು ದಣಿವಿನ ಪರೀಕ್ಷೆಗೆ ಇಲ್ಲಿಗೆ ಬರುತ್ತವೆ. ಯಂತ್ರ ತುಂಡನ್ನು ಎಳೆಯುತ್ತದೆ, ಬಿಡುತ್ತದೆ. ಸೆಕೆಂಡಿಗೆ ಮೂವತ್ತು ಸಲ. ಹತ್ತು ಲಕ್ಷ ಎಳೆತ ತಾಳಿದರೆ ಪಾಸು. ಹೋದ ತಿಂಗಳು ಅಣ್ಣನ ಮೂರು ತುಂಡುಗಳು ಒಂದು ಲಕ್ಷವನ್ನೂ ಮುಟ್ಟದೆ ಮುರಿದಿದ್ದವು. ಕಾರ್ಖಾನೆಯವರು ಅವನನ್ನು ಮನೆಗೆ ಕಳಿಸಿದ್ದರು. "ನನ್ನ ಬೆಸುಗೆ ಬಿಡೋ ಮಾತೇ ಇಲ್ಲ, ಇನ್ನೊಂದ್ಸಲ ನೋಡಿ," ಎಂದು ಅವನೇ ಹಟ ಹಿಡಿದು ಮರುಪರೀಕ್ಷೆ ಮಾಡಿಸಿದ್ದ.

ಅದೇ ಪ್ಲೇಟಿನಿಂದ ಕತ್ತರಿಸಿದ ಹೊಸ ತುಂಡುಗಳನ್ನು ಮುಖ್ಯಸ್ಥರು ತಾವೇ ಉಜ್ಜಿ ನಯ ಮಾಡಿದ್ದರು. ಒಂದೊಂದನ್ನೂ ದೀಪಕ್ಕೆ ಹಿಡಿದು ನೋಡಿ ಮೂರು ಯಂತ್ರಗಳಿಗೆ ಕಚ್ಚಿಸಿದರು.

"ಹೋದ ಸಲದ ಬಿರುಕು ಬೆಸುಗೆಯಿಂದ ಶುರುವಾಗಿರಲಿಲ್ಲ, ಅಂಚಿನಿಂದ ಶುರುವಾಗಿತ್ತು," ಎಂದರು. "ಅದೇ ನನಗೆ ಅರ್ಥವಾಗ್ತಿಲ್ಲ. ಕೆಲಸದ ಜೊತೆಗಾರ ತೀರಿಹೋದ ಮೇಲೆ ನಿನ್ನ ಅಣ್ಣನ ಕೈ ಮೊದಲಿನ ಹಾಗಿಲ್ಲ ಅಂತಾರೆ ಕಾರ್ಖಾನೆಯವರು. ಹೌದಾ?"

"ರಾತ್ರಿ ನಿದ್ದೆ ಮಾಡಲ್ಲ ಸಾರ್. ಕೈ ನಡುಗುತ್ತೆ."

"ನೋಡು, ಅಣ್ಣನ್ನ ಉಳಿಸ್ಕೋಬೇಕು ಅಂತ ನಿನಗೆ ಅನಿಸೋದು ಸಹಜ."

"ಅನಿಸುತ್ತೆ ಸಾರ್. ಸುಳ್ಳು ಯಾಕೆ ಹೇಳ್ಲಿ."

"ಆದ್ರೆ ಒಬ್ಬನ ಕೆಲಸಕ್ಕಿಂತ ಜೀವ ದೊಡ್ಡದು."

"ಜೀವಾನೇ ದೊಡ್ಡದು ಸಾರ್," ಎಂದಳು ಅವಳು.

ಬೆಳಗ್ಗೆ ಎಂಟಕ್ಕೆ ಯಂತ್ರಗಳು ಶುರುವಾದವು. ದೊಡ್ಡ ಜೇನುನೊಣದಂಥ ಗುಂಯ್‌ಗಾಟ. ಮುಖ್ಯಸ್ಥರು ಕುರ್ಚಿ ಎಳೆದುಕೊಂಡು ಅಲ್ಲೇ ಕೂತರು. ಅವಳು ಗೋಡೆಗೊರಗಿ ನಿಂತಳು. ಎಂಟೂ ಮುಕ್ಕಾಲು ದಾಟಿತು. ಹೋದ ಸಲ ಮೊದಲನೆಯ ತುಂಡು ಮುರಿದ ಹೊತ್ತು. ಅವಳು ಉಸಿರು ಬಿಗಿಹಿಡಿದಳು. ಏನೂ ಆಗಲಿಲ್ಲ. ಅಂಕಿಗಳು ಓಡುತ್ತಲೇ ಇದ್ದವು.

ಮಧ್ಯಾಹ್ನ ಅತ್ತಿಗೆಯ ಫೋನು ಬಂತು. ಅವಳು ಕಾರಿಡಾರಿಗೆ ಹೋದಳು.

"ಮುರೀತಾ?" ಅತ್ತಿಗೆಯ ದನಿ ಕೇಳಿಸಿಯೂ ಕೇಳಿಸದಷ್ಟು ಸಣ್ಣಗಿತ್ತು.

"ಇಲ್ಲ ಅತ್ತಿಗೆ. ಇನ್ನೂ ಇಲ್ಲ. ನಾಲ್ಕೂವರೆ ಲಕ್ಷ ದಾಟಿದೆ."

ಅತ್ತಿಗೆ, "ನೀನು ಹತ್ರ ಇದೀಯಲ್ಲಾ?" ಎಂದಳು.

"ಇದೀನಿ. ಮುಟ್ಟೋಕೆ ಬಿಡ್ತಿಲ್ಲ."

ಅವಳು ತಂದ ಬುತ್ತಿ ಬಿಚ್ಚಲೇ ಇಲ್ಲ. ಏಳು ಲಕ್ಷಕ್ಕೆ ಮುಖ್ಯಸ್ಥರ ಮುಖ ಸಡಿಲವಾಯಿತು. ಒಂಬತ್ತು ಲಕ್ಷಕ್ಕೆ ಎದ್ದು ಬಂದು, "ಕೂತ್ಕೋಮ್ಮಾ, ಮುಖ ಎಲ್ಲಾ ಬಿಳಿಚ್ಕೊಂಡಿದೆ," ಎಂದು ನೀರು ಕೊಟ್ಟರು.

ಐದೂ ಕಾಲಿಗೆ ಮೂರೂ ಯಂತ್ರಗಳು ತಾವಾಗಿ ನಿಂತವು. ಹತ್ತು ಲಕ್ಷ. ಮುಖ್ಯಸ್ಥರು ತುಂಡುಗಳನ್ನು ಬಿಚ್ಚಿ ಸೂಕ್ಷ್ಮದರ್ಶಕದಡಿ ಇಟ್ಟು ಬಹಳ ಹೊತ್ತು ನೋಡಿದರು.

"ಒಂದು ಗೀರೂ ಇಲ್ಲ!" ಎಂದರು. "ಇಂಥ ಬೆಸುಗೆ ನಾನು ನೋಡಿಲ್ಲ. ಹೋದ ಸಲ ತುಂಡು ಕತ್ತರಿಸುವಾಗ ಏನೋ ಎಡವಟ್ಟಾಗಿರ್ಬೇಕು. ಪಾಪ, ಅವನಿಗೆ ಅನ್ಯಾಯ ಆಯ್ತು. ಈಗ್ಲೇ ಕಾರ್ಖಾನೆಗೆ ಫೋನ್ ಮಾಡ್ತೀನಿ."

ಅವಳು ಮುಖ ಮುಚ್ಚಿಕೊಂಡು ಬಿಕ್ಕಿಬಿಕ್ಕಿ ಅತ್ತಳು. ಮುಖ್ಯಸ್ಥರ ಕಣ್ಣೂ ಒದ್ದೆಯಾಯಿತು. "ಅಳು, ಅಳು, ಸಂತೋಷದ ಅಳು ಒಳ್ಳೇದೇ," ಎಂದು ಅವಳ ಬೆನ್ನು ತಟ್ಟಿದರು.

ಅವಳು ಹೊರಗೆ ಬಂದಾಗ ಅಣ್ಣ ಗೇಟಿನ ಬಳಿ ಕಾದಿದ್ದ. ಕಿವಿ ಕೇಳದವರ ಗಟ್ಟಿ ದನಿಯಲ್ಲಿ ಬೀದಿಗೆಲ್ಲ ಕೇಳುವಂತೆ ಕೂಗಿದ:

"ಗೆದ್ದೆ ಕಣೇ! ನಾಳೆಯಿಂದ್ಲೇ ಬಾ ಅಂದ್ರು. ಆರು ಪ್ಲೇಟು ಸಿಡಿಸೋದಿದೆಯಂತೆ. ಒಂದು ತಿಂಗಳು ಮನೇಲಿ ಕೂತು ಸತ್ತೇ ಹೋಗಿದ್ದೆ ನೋಡು!"

ಅವಳು ಅವನ ಎರಡೂ ಕೈಗಳನ್ನು ಹಿಡಿದುಕೊಂಡಳು. ಹತ್ತು ಬೆರಳೂ ಇದ್ದವು. ಒಂದೊಂದೂ ನಡುಗುತ್ತಿತ್ತು.

ಸಿಡಿಮದ್ದು ಹೊತ್ತಿಗೆ ಮುಂಚೆಯೇ ಸಿಡಿದು, ಜೊತೆಗಾರನನ್ನು ಬಟ್ಟೆಯಲ್ಲಿ ಗಂಟು ಕಟ್ಟಿ ಮನೆಗೆ ತಂದ ದಿನ ಅತ್ತಿಗೆ ಅವಳ ಕಾಲು ಹಿಡಿದು, ಹೇಗಾದರೂ ನಿನ್ನ ಅಣ್ಣನನ್ನು ಆ ಕೆಲಸದಿಂದ ಬಿಡಿಸು ಎಂದು ಗೋಗರೆದಿದ್ದಳು. ಅದಾದ ವಾರಕ್ಕೇ ಅವಳು, ಎಳ್ಳಷ್ಟೂ ಕುಂದಿಲ್ಲದ ಮೊದಲ ಮೂರು ತುಂಡುಗಳ ಅಂಚಿಗೆ, ಯಾರ ಕಣ್ಣಿಗೂ ಬೀಳದಷ್ಟು ಸಣ್ಣಗೆ, ಅರದಿಂದ ಗೀರು ಎಳೆದಿದ್ದಳು.