ಹೊರಗಿದ್ದ ಫೋಲ್ಡರ್

ಗಣಿಯ ತೂಕದ ಕಚೇರಿಯಲ್ಲಿ ಗಂಗೋತ್ರಿ, ಅಲ್ಲಿನ ತಂತ್ರಾಂಶದ ಫ್ರೇಮ್‌ವರ್ಕಿನ ಕೈಪಿಡಿಯ ಮೇಲೆ ಬೆರಳಿಟ್ಟು, ಅದಕ್ಕೆ ತಾನು ಬರೆದು ಸೇರಿಸಿದ ಪ್ಲಗಿನ್ನಿನ ಫೋಲ್ಡರುಗಳನ್ನು ಮೂರನೇ ಸಲ ತಾಳೆ ನೋಡುತ್ತಿದ್ದಳು. ಮಿತಿ ಮೀರಿ ಅದಿರು ಹೇರಿದ ಲಾರಿ ತೂಕದ ವೇಬ್ರಿಡ್ಜ್ ಏರಿದರೆ ಹೊರಹೋಗುವ ಚೀಟಿ ಮುದ್ರಣವಾಗದಂತೆ ತಡೆಯುವ ಪ್ಲಗಿನ್ ಅದು. ನಿನ್ನೆ ಆರು ಲಾರಿಗಳನ್ನು ತಡೆದಿತ್ತು. ಇವತ್ತು ಒಂದನ್ನೂ ತಡೆದಿಲ್ಲ. ಕೆಲಸ ಕಾಯಂ ಆಗುವ ವಾರದಲ್ಲೇ ಎಲ್ಲಿ ಎಡವಿದೆನೋ ಎಂದು ಮತ್ತೆ ಮೊದಲ ಸಾಲಿನಿಂದ ಹುಡುಕಿದಳು.

ಕೊನೆಗೂ ಸಿಕ್ಕಿತು. ತೂಕ ತಪಾಸಣೆಯ ಫೋಲ್ಡರ್ ಪ್ಲಗಿನ್ನಿನ ಒಳಗಿರಲಿಲ್ಲ, ಪಕ್ಕದಲ್ಲಿತ್ತು. ನಿಯಮದ ಜಾಗದಲ್ಲಿ ಇಲ್ಲದ್ದನ್ನು ಫ್ರೇಮ್‌ವರ್ಕ್ ಓದುವುದಿಲ್ಲ. ತಪ್ಪಾಗಿದೆ ಎಂದೂ ಹೇಳುವುದಿಲ್ಲ. ತನ್ನದೇ ಅಜಾಗ್ರತೆ ಎಂದುಕೊಳ್ಳುತ್ತ ಫೋಲ್ಡರ್ ಜಾಗ ಬದಲಾದ ಸಮಯ ನೋಡಿದಳು. ನಿನ್ನೆ ಸಂಜೆ ಆರೂವರೆ. ಅವಳು ಐದೂವರೆಗೇ ದೋಣಿಮಲೈ ಬಸ್ಸು ಹತ್ತಿದ್ದಳು.

"ಇನ್ನೂ ಏನ್ ಹುಡುಕಾಕತ್ತೀಯವ್ವ?" ಮ್ಯಾನೇಜರ್ ಹಾಲಸ್ವಾಮಿ ಬಾಗಿಲಲ್ಲಿ ನಿಂತಿದ್ದ.

"ಈ ಫೋಲ್ಡರ್ ಹೊರಗ ಐತ್ರಿ, ಸರ."

"ಇರ್ಲಿ ಬಿಡು. ಅದು ಹೊರಗ ಹೋದಾಗಿಂದ ಲಾರಿ ಮಸ್ತ್ ಓಡಾಕತ್ತಾವ. ನಾಳೆ ನಿನ್ನ ಕಾಯಂ ಆರ್ಡರಿಗೂ ಸಹಿ ಹಾಕ್ತೀನಿ."

ಕಿಟಕಿಯಾಚೆ ಅಂಚು ಮೀರಿ ತುಂಬಿದ ಲಾರಿಯೊಂದು ತೂಕಕ್ಕೆ ಬರುತ್ತಿತ್ತು. ಇಂಥ ಲಾರಿಗಳ ಬೆನ್ನಿಗೇ ಅವಳ ಬಸ್ಸು ದಿನಾ ಸಂಡೂರಿನ ಘಟ್ಟ ಹತ್ತುತ್ತಿತ್ತು. "ಹೂಂ ರೀ, ಸರ" ಎಂದಳು. ಅನ್ನುತ್ತಲೇ ಫೋಲ್ಡರನ್ನು ಒಳಕ್ಕೆ ಎಳೆದಿಟ್ಟಳು. ಲಾರಿ ವೇಬ್ರಿಡ್ಜ್ ಮೇಲೆ ನಿಂತಿತು. ಪ್ರಿಂಟರ್ ಸದ್ದು ಮಾಡಲಿಲ್ಲ. ಡ್ರೈವರ್ ಹಾರ್ನ್ ಒತ್ತಿದ, ಮತ್ತೆ ಒತ್ತಿದ. ಹಾಲಸ್ವಾಮಿ ಪ್ರಿಂಟರನ್ನೂ ಅವಳನ್ನೂ ನೋಡಿದ. ಗಂಗೋತ್ರಿ ಕೈಪಿಡಿ ಮುಚ್ಚಿ, ಇನ್ನೂ ತೆರೆಯದ ಊಟದ ಡಬ್ಬಿಯನ್ನು ಚೀಲಕ್ಕೆ ಹಾಕಿಕೊಂಡು ಕುರ್ಚಿಯಿಂದ ಎದ್ದಳು.